ಗಾಯರಾಣಕ್ಕೆ ಮದುವೆ ಬಣ್ಣ

ನಮ್ಮ ಮಾಮಾನ ಆಲ್ಬಮ್ಮಿನಲ್ಲಿ ಕಪ್ಪಗಿರುವ ಮದುಮಗಳು ಒಬ್ಬಳೂ ಸಿಗುವುದಿಲ್ಲ. ರಾಣೇಬೆನ್ನೂರಿನ ಅವನ ಸ್ಟುಡಿಯೋದ ಒಳಗೆ ಹೋಗುವಾಗ ಯಾವ ಬಣ್ಣದಲ್ಲಿದ್ದರೂ ಸರಿ, ಹೊರಗೆ ಬರುವಾಗ ಎಲ್ಲರೂ ಹಾಲಿನ ಕೆನೆ. ಮೊಡವೆ, ಮಚ್ಚೆ, ಹಣೆಯ ಗೆರೆ, ಒಮ್ಮೆ ಒಬ್ಬ ಮದುಮಗನ ಅರ್ಧ ಮೀಸೆ, ಎಲ್ಲವೂ ಅಳಿಸಿ ಹೋಗುತ್ತವೆ. ದೇವರಗುಡ್ಡದ ಒಂದು ಮದುವೆಯಲ್ಲಿ ವರನ ಅಜ್ಜಿಯ ಸುಕ್ಕುಗಳನ್ನೆಲ್ಲ ಎಷ್ಟು ನುಣ್ಣಗೆ ಒರೆಸಿದ್ದನೆಂದರೆ, ಆಲ್ಬಮ್ ನೋಡಿದ ಅಜ್ಜ "ಈಕಿ ಯಾರ ಪೈಕಿ?" ಎಂದು ಆಸೆಯಿಂದ ಕೇಳಿ, ಆ ಮನೆಯಲ್ಲಿ ಮೂರು ದಿನ ಒಲೆ ಹೊತ್ತಲಿಲ್ಲ.

ಮಾಮಾ ಅಂದರೆ ಅವ್ವನ ತಮ್ಮ. ಬ್ಯಾಡಗಿ ಸೀಮೆಯಲ್ಲಿ ಹುಟ್ಟಿದವನು. ನಮ್ಮ ಕಡೆ ಮೆಣಸಿನಕಾಯಿಗೆ ಖಾರ ಕಡಿಮೆಯಿದ್ದರೂ ನಡೆಯುತ್ತದೆ, ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವಂತಿರಬೇಕು. ಮಾಮಾ ಕೂಡ ಹಾಗೆಯೇ ತಯಾರಾದ ಮಾಲು. ಅವನ ಬಳಿ ಒಂದು ಡ್ರೋನ್ ಇದೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮಂಟಪದ ಮೇಲೆ ಗುಂಯ್ ಎಂದು ಇಳಿದು, ಮಂತ್ರ ಹೇಳುವವರ ಬಾಯಿ ಕಟ್ಟಿಸಿ, ಮದುಮಗಳ ತಲೆಯ ಹೂವನ್ನು ಊಟದ ಪಂಕ್ತಿಯವರೆಗೂ ಹಾರಿಸುವುದು ಅದರ ಮುಖ್ಯ ಕೆಲಸ.

ಇಂಥ ಮಾಮಾನನ್ನು ಭೂಮಿ ಉಳಿಸುವ ಕೆಲಸಕ್ಕೆ ಕರೆತಂದವಳು ಬೇರೆ ಯಾರೂ ಅಲ್ಲ, ನಮ್ಮ ಅವ್ವ.

ನಮ್ಮೂರ ಮೇಲಿನ ಗುಡ್ಡದ ಇಳಿಜಾರು ಊರ ದನ, ಕುರಿ ಮೇಯುವ ಗಾಯರಾಣ. ಅದರ ಬುಡಕ್ಕೇ ಅವ್ವನ ಮೆಣಸಿನಕಾಯಿ ಹೊಲ. ಗಾಯರಾಣದಲ್ಲಿ ಈಗ ಮೇಯಲು ಉಳಿದಿರುವುದು ಗಾಳಿ ಮಾತ್ರ. ಹುಲ್ಲಿಲ್ಲದ ನೆಲದ ಮೇಲೆ ಮಳೆ ಬಿದ್ದರೆ ಮಣ್ಣು, ಮರಳು, ಕಲ್ಲು ಎಲ್ಲವೂ ಮೆರವಣಿಗೆ ಹೊರಟು ನೇರ ನಮ್ಮ ಹೊಲಕ್ಕೆ ಬರುತ್ತವೆ. ಅವ್ವ ಹೊಲದಿಂದ ಆರಿಸಿ ಹಾಕಿದ ಕಲ್ಲಿನಲ್ಲಿ ಹಾವೇರಿಯ ಸುತ್ತಲೂ ಒಂದು ಕೋಟೆ ಕಟ್ಟಿ, ಮಿಕ್ಕಿದ್ದರಲ್ಲಿ ಬಸ್ ಸ್ಟ್ಯಾಂಡಿಗೆ ಒಂದು ಕಟ್ಟೆ ಕಟ್ಟಬಹುದಿತ್ತು. ನೀರು ಕೊರೆದ ಕೊರಕಲಂತೂ ಮೊದಲು ಕುರಿಮರಿ ಬೀಳುವಷ್ಟಿದ್ದದ್ದು, ಈಗ ಕುರಿ, ಕುರಿ ಕಾಯುವವನು, ಅವನ ಮೊಬೈಲು ಮೂರೂ ಬೀಳುವಷ್ಟಾಗಿ ಹೊಲದ ಬದುವಿಗೆ ಬಂದು ನಿಂತಿತ್ತು. ಇನ್ನೊಂದು ಮಳೆಗಾಲ ಸುಮ್ಮನೆ ಬಿಟ್ಟರೆ ಹೊಲ ಎರಡು ಹೋಳು. ಅದಕ್ಕೇ ಅವ್ವನಿಗೆ ಗುಡ್ಡದ ಮೇಲೆ ನೀರು ತಡೆಯುವ ಮೂರು ಒಡ್ಡು ಬೇಕಾಗಿತ್ತು. ಯಾವ ದೇವರ ಮುಂದೆ ನಿಂತರೂ ಅವಳು ಕೇಳುತ್ತಿದ್ದದ್ದು ಒಡ್ಡನ್ನೇ. ನಾನು ಪಾಸಾಗಲಿ ಎಂದು ಒಂದು ಸಲವಾದರೂ ಕೇಳಿದ್ದಳೋ ಇಲ್ಲವೋ ಗೊತ್ತಿಲ್ಲ.

ಅಷ್ಟರಲ್ಲಿ ಮಣ್ಣು ಉಳಿಸುವ ಯೋಜನೆಯೊಂದು ಬಂತು. ಆಕಾಶದಿಂದ ಫೋಟೋ ತೆಗೆದು, ಎಲ್ಲಿ ಹಸಿರಿದೆ, ಎಲ್ಲಿ ನೆಲ ಬೋಳಾಗಿದೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ, ಬೋಳು ಇದ್ದಲ್ಲಿ ಒಡ್ಡು ಹಾಕಿ ಗಿಡ ಹಚ್ಚುವುದು. ಅದಕ್ಕಾಗಿ ಹಾವೇರಿಯಿಂದ ಬರುತ್ತಿದ್ದವರು ಬೆಂಗಳೂರು ಕಡೆಯ ಒಬ್ಬ ಎಳೆಯ ಇಂಜಿನಿಯರ್. ನಾನು ಅವರಿಗೆ ನಕ್ಷೆ ಸರ್ ಎಂದು ಹೆಸರಿಟ್ಟಿದ್ದೆ. ಅವರ ಡ್ರೋನ್ ಮೇಲೆದ್ದ ಮೊದಲ ದಿನವೇ ನಮ್ಮ ಗುಡ್ಡದ ಹದ್ದು ಅದನ್ನು ಒದ್ದು ಜಾಲಿಗಿಡದಲ್ಲಿ ಸಿಕ್ಕಿಸಿತು. ನಕ್ಷೆ ಸರ್ ಗಿಡದ ಕೆಳಗೆ ನಿಂತು, ಕೊಂಬೆ ಮೇಲೆ ಕೂತ ಮಗುವನ್ನು ಕರೆಯುವಂತೆ ಕೈ ಚಾಚಿದ್ದರು.

ಬದುವಿನ ಮೇಲೆ ನಿಂತಿದ್ದ ಅವ್ವ ಹೇಳಿದಳು: "ಸರ, ಚಿಂತಿ ಮಾಡಬ್ಯಾಡ್ರಿ. ನನ್ನ ತಮ್ಮನ ಕಡೆ ಇಂಥಾದೊಂದು ಐತಿ. ಭಾಳ ಶಾಣ್ಯಾ ಅದಾನ."

ಶಾಣ್ಯಾ ಮರುದಿನವೇ ಬಂದ. ಕಪ್ಪು ಕನ್ನಡಕ, ಮೈತುಂಬ ಜೇಬುಗಳ ಜಾಕೀಟು, ಮುಖಕ್ಕೆ ನಮ್ಮ ಮನೆಯವರೆಗೂ ವಾಸನೆ ಬರುವಷ್ಟು ಕ್ರೀಮು.

ನಕ್ಷೆ ಸರ್ ವಿವರಿಸಿದರು: "ಕ್ಯಾಮೆರಾ ನೇರ ಕೆಳಗೇ ನೋಡ್ತಿರಬೇಕು. ಒಂದು ಸಾಲಲ್ಲಿ ಹೋಗಿ, ಪಕ್ಕದ ಸಾಲಲ್ಲಿ ವಾಪಸ್ ಬರಬೇಕು. ಒಂದು ಜಾಗಾನೂ ಬಿಡಬಾರದು."

"ಅಂದ್ರ ಕುಂಟಿ ಹೊಡದಂಗ," ಅಂದ ಮಾಮಾ.

"ಕುಂಟಿ ಅಂದ್ರೆ?"

"ಎತ್ತು ಹೊಲದಾಗ ಹೋಗಿ, ತಿರುಗಿ ಬಾಜೂ ಸಾಲಿಗೆ ಬರ್ತಾವಲ್ರಿ, ಹಂಗ," ಎಂದು ಅವ್ವ ಬಿಡಿಸಿ ಹೇಳಿದಳು.

ಮಾಮಾನ ಮುಖ ಬಾಡಿತು. "ಸರ, ಒಂದಽ ಒಂದು ಅಡ್ಡ ಶಾಟ್? ಗುಡ್ಡದ ಹಿಂದಿಂದ ಸುಂಯ್ ಅಂತ ಎದ್ದು ಬಂದಂಗ?"

"ಬೇಡ."

"ಹೊತ್ತು ಮುಳುಗೂ ಮುಂದ? ಅಕ್ಕ ನಡಕೋತ ಹೋಗ್ಲಿ, ಸೆರಗು ಹಾರ್ಲಿ, ನಾ ಸುತ್ತ ತಿರುಗತೇನಿ."

"ಬೇಡ ರೀ!"

"ಏ, ನನ್ನ ಸೆರಗು ಯಾಕ ಹಾರಬೇಕಲೇ?" ಎಂದಳು ಅವ್ವ. "ಒಡ್ಡಿನ ಕೆಲಸ ನೋಡು."

ಅಂತೂ ಡ್ರೋನ್ ಕುಂಟೆ ಹೊಡೆಯಿತು. ನಕ್ಷೆ ಸರ್ ಅಷ್ಟು ಹೊತ್ತೂ ಬೋಳು ಗುಡ್ಡದ ನಡುವೆಯೇ ನಿಂತಿದ್ದರು. ಬೂಟು ಕೆಂಪು ಧೂಳಿನಲ್ಲಿ ಮುಳುಗಿತ್ತು, ಪಕ್ಕದಲ್ಲೇ ಕೊರಕಲು ಬಾಯಿ ತೆರೆದಿತ್ತು. ಆದರೆ ಅವರ ಕಣ್ಣು ಅಂಗೈಯಗಲದ ಪರದೆ ಬಿಟ್ಟು ಏಳಲಿಲ್ಲ. ಕೊರಕಲಿನಿಂದ ಚಿರತೆ ಎದ್ದು ಬಂದು ನಮಸ್ಕಾರ ಮಾಡಿದ್ದರೂ ಅವರು "ಸ್ವಲ್ಪ ಪಕ್ಕಕ್ಕೆ ಸರಿಯಿರಿ, ನೆರಳು ಬೀಳ್ತಿದೆ" ಅನ್ನುತ್ತಿದ್ದರು. ಫೋಟೋಗಳನ್ನು ಸ್ಟುಡಿಯೋದಿಂದ ಕಳಿಸುತ್ತೇನೆಂದು ಮಾಮಾ ರಾಣೇಬೆನ್ನೂರಿಗೆ ಹೋದ. ನಾನು ಪರೀಕ್ಷೆಗೆಂದು ಹಾವೇರಿ ಬಸ್ಸು ಹತ್ತಿದೆ.

ನಕ್ಷೆ ತೋರಿಸುವ ಸಭೆ ನಡೆದದ್ದು ಊರ ಸಮುದಾಯ ಭವನದಲ್ಲಿ. ನಾನು ಸೈನ್ಸ್ ಓದುವವಳು ಎಂಬ ಒಂದೇ ಕಾರಣಕ್ಕೆ ನಕ್ಷೆ ವಿವರಿಸಲು ಮೈಕು ನನ್ನ ಕೈಗೆ ಬಂತು. ನಮ್ಮೂರಲ್ಲಿ ಮೈಕು ಹಿಡಿದವರು ಕರೆಂಟು ಹೋಗುವವರೆಗೆ ಬಿಡುವ ಪದ್ಧತಿ ಇಲ್ಲ. ನಾನೂ ಕೋಲೊಂದನ್ನು ಹಿಡಿದು, ದುಪಟ್ಟಾ ಸರಿಮಾಡಿಕೊಂಡು, ರಾಕೆಟ್ ಬಿಡುವ ವಿಜ್ಞಾನಿಯ ಗತ್ತಿನಲ್ಲಿ ನಿಂತೆ.

ಮಾಮಾ ನಕ್ಷೆಯನ್ನು ಉಡುಗೊರೆಯೆಂದು ದೊಡ್ಡ ಫ್ಲೆಕ್ಸ್ ಮಾಡಿಸಿ ತಂದಿದ್ದ. ಸುತ್ತಲೂ ಗುಲಾಬಿ ಹೂವಿನ ಅಂಚು. ಮೇಲೆ ಪಂಚಾಯ್ತಿ ಸದಸ್ಯರೆಲ್ಲ ಕೈ ಮುಗಿದು ಸಾಲಾಗಿ ಬೆಳಗುತ್ತಿದ್ದರು. ಮೂಲೆಯಲ್ಲಿ ಕಪ್ಪು ಕನ್ನಡಕದ ಮಾಮಾ, ಅವರೆಲ್ಲರಿಗಿಂತ ಒಂದು ಗೇಣು ದೊಡ್ಡವನಾಗಿ. ಬಿಸಿಲು ಬರುತ್ತದೆಂದು ಅದನ್ನು ಪೂರ್ವದ ದೊಡ್ಡ ಕಿಟಕಿಗೇ ಕಟ್ಟಿದ್ದರು. ಆ ಕಿಟಕಿಯ ಆಚೆ ಇರುವುದು ಗಾಯರಾಣ. ಗಾಯರಾಣದ ಫೋಟೋ ಕಾಣಲಿ ಎಂದು ಗಾಯರಾಣವನ್ನು ಮುಚ್ಚಿದ ಊರು ನಮ್ಮದು.

"ನೋಡಿ, ಹಸಿರು ಬಣ್ಣ ಅಂದರೆ ಗಿಡ, ಹುಲ್ಲು. ಕಂದು ಬಣ್ಣ ಅಂದರೆ ಬೋಳು ನೆಲ," ಎಂದು ಮೈಕಿನಲ್ಲಿ ಗಂಭೀರವಾಗಿ ಹೇಳಿ, ಕಂದು ತೋರಿಸಲು ಕೋಲು ಎತ್ತಿದೆ. ಕಂದು ಇರಲಿಲ್ಲ. ಕೋಲು ಉತ್ತರಕ್ಕೆ ಹೋಯಿತು, ದಕ್ಷಿಣಕ್ಕೆ ಬಂತು. ಎಲ್ಲೆಲ್ಲೂ ಹಸಿರು. ಅದೂ ಸಾಮಾನ್ಯ ಹಸಿರಲ್ಲ. ಕಲ್ಯಾಣ ಮಂಟಪದ ಮುಂದಿನ ಲಾನಿನ ಮೇಲೆ ಮದುಮಗಳನ್ನು ಕೂರಿಸಿದಾಗ ಮಾಮಾ ಹಚ್ಚುವ ಹಸಿರು. ಕೊರಕಲು ಇರಬೇಕಾದ ಜಾಗ ಮದುಮಗಳ ಕೆನ್ನೆಯಂತೆ ನುಣ್ಣಗಿತ್ತು. ಮೊಡವೆ ಅಳಿಸುವ ಬ್ರಷ್ಷಿಗೆ ಕೊರಕಲು ಯಾವ ಲೆಕ್ಕ!

ನನಗೆ ಅರ್ಥವಾಯಿತು. ಜನರಿಗೆ ಆನಂದವಾಯಿತು.

"ಏ, ಭಾರಿ ಬಂದೈತಿ!"

"ಇದು ನಮ್ಮ ಗಾಯರಾಣನಽ ಏನು?"

"ಊಟಿ ಐತಿ ಊಟಿ! ಹಿಡಿ ಫೋಟೋ, ಸ್ಟೇಟಸ್ಸಿಗೆ ಹಾಕು."

ಕುರಿ ಕಾಯುವ ಕಾಕಾ ಮಾತ್ರ ಹಿಂದಿನಿಂದ ಕೂಗಿದ: "ಇಷ್ಟು ಹುಲ್ಲು ಇದ್ದದ್ದು ನನ್ನ ಕುರಿಗೆ ಯಾರೂ ಹೇಳಲೇ ಇಲ್ಲಲ್ರಿ! ಪಾಪ, ಉಪಾಸ ಸಾಯಾಕತ್ತಾವ."

ನಕ್ಷೆ ಸರ್ ಎದ್ದು ನಿಂತರು. "ನಿಮ್ಮೂರಿನ ಹಸಿರು ನೋಡಿ ನಮ್ಮ ಕಚೇರೀಲಿ ಎಲ್ಲರಿಗೂ ಖುಷಿ ಆಗಿದೆ." ಚಪ್ಪಾಳೆ. "ಕಂಪ್ಯೂಟರ್ ಲೆಕ್ಕದಲ್ಲಿ ಇಲ್ಲಿ ಮಣ್ಣು ಕೊಚ್ಚಿ ಹೋಗ್ತಾನೇ ಇಲ್ಲ." ಇನ್ನೂ ಜೋರು ಚಪ್ಪಾಳೆ. "ಹಾಗಾಗಿ ಇಲ್ಲಿ ಒಡ್ಡು ಬೇಕಾಗಿಲ್ಲ. ಅವನ್ನ ಪಕ್ಕದ ಊರಿಗೆ ಕೊಡ್ತಾ ಇದ್ದೀವಿ." ಚಪ್ಪಾಳೆಗೆ ಬ್ರೇಕು ಬೀಳಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂದಿನ ಸಾಲಿನವರು ತಮ್ಮ ಒಡ್ಡು ಹೋದದ್ದಕ್ಕೂ ಶಿಳ್ಳೆ ಹೊಡೆದರು.

ಅವ್ವ ಎದ್ದಳು. "ಸರ, ಆ ದಿನ ನೀವಽ ಗುಡ್ಡದ ಮ್ಯಾಲ ನಿಂತಿದ್ರಲ್ರಿ. ನಿಮ್ಮ ಬೂಟು ಕೆಂಪಗಾಗಿತ್ತು. ಹುಲ್ಲು ಎಲ್ಲಿತ್ರಿ?"

"ಅಮ್ಮಾ, ನಾನು ನೋಡಿದ್ದು ಲೆಕ್ಕಕ್ಕೆ ಬರಲ್ಲ. ಮೇಲಿಂದ ಕಂಡಿದ್ದೇ ಲೆಕ್ಕ."

ಅವ್ವ ಮುಂದೆ ನಡೆದಳು. ಫ್ಲೆಕ್ಸಿನ ಕೆಳ ಅಂಚು ಹಿಡಿದು, ಬಾಗಿಲ ಪರದೆ ಎತ್ತುವಂತೆ ಎತ್ತಿದಳು. ಕೈ ಮುಗಿದಿದ್ದ ಸದಸ್ಯರೆಲ್ಲ ಮಡಚಿಕೊಂಡರು. ಕಿಟಕಿಯಾಚೆ ಬಿಸಿಲಲ್ಲಿ ಗಾಯರಾಣ ಬಿದ್ದಿತ್ತು. ಬೋಳು, ಕೆಂಪು, ನಡುವೆ ಉದ್ದಕ್ಕೆ ಸೀಳಿದ ಕೊರಕಲು.

"ಇದೇನ್ರಿ ಹಂಗಾರ?"

ನಕ್ಷೆ ಸರ್ ಇಣುಕಿ ನೋಡಿದರು. "ಅದು ಅಡ್ಡದಿಂದ ಕಾಣ್ತಿರೋದಲ್ವಾ," ಎಂದರು.

ಅವ್ವ ತಮ್ಮನ ಕಡೆ ತಿರುಗಿದಳು. ಭವನದೊಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದ ಮಾಮಾ ಗೋಡೆಯೊಳಗೆ ಸೇರಿಕೊಳ್ಳಲು ನೋಡುತ್ತಿದ್ದ.

"ಏ ತಮ್ಮಾ, ಫೋಟೋಕ್ಕ ಏನ ಹಚ್ಚೀದಿ?"

"ಏನಿಲ್ಲಕ್ಕಾ... ಇದ್ದದ್ದಽ ಐತಿ."

ಪಾಪ, ಅವನ ಕಷ್ಟ ನನಗೆ ಕಾಣುತ್ತಿತ್ತು. ಮೂರನೇ ಸಾಲಿನಲ್ಲಿ ಅವನ ಇಡೀ ವ್ಯಾಪಾರ ಕುಳಿತಿತ್ತು. ಅವನಿಂದ ಮದುವೆ ಆಲ್ಬಮ್ ಮಾಡಿಸಿಕೊಂಡ ಅತ್ತೆಯರು, ಮಾಡಿಸಬೇಕಾದ ತಾಯಂದಿರು. ಗುಡ್ಡದ ಬಣ್ಣ ಸುಳ್ಳೆಂದರೆ ಸೊಸೆಯರ ಬಣ್ಣವೂ ಸುಳ್ಳೆಂದು ಒಪ್ಪಿದ ಹಾಗೆ. ನಾನು ಅವನ ಹತ್ತಿರ ಸರಿದು ಮೆಲ್ಲಗೆ ಕೇಳಿದೆ: "ಮಾಮಾ, ಇದು ಮದಿವಿ ಬಣ್ಣ ಅಲ್ಲೇನು? ಮೊಡವಿ ಅಳಸೂದೂ ಹಚ್ಚೀದಿ ಹೌದಿಲ್ಲೋ?"

ಮೆಲ್ಲಗೇ ಕೇಳಿದ್ದೆ. ಆದರೆ ಮೈಕು ನನ್ನ ಗದ್ದಕ್ಕೇ ಅಂಟಿಕೊಂಡಿತ್ತು, ಸ್ಪೀಕರು ಛಾವಣಿಯ ಮೇಲಿತ್ತು. ನನ್ನ ಗುಟ್ಟು ಊರು ದಾಟಿ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದವರಿಗೂ ಕೇಳಿಸಿರಬೇಕು. ಮೂರನೇ ಸಾಲು ಒಟ್ಟಿಗೆ ಕತ್ತು ತಿರುಗಿಸಿತು.

ಅವ್ವ ಬೈಯುತ್ತಾಳೆಂದು ನಾನು ಕಾದೆ. ಮನೆಯಲ್ಲಿ ಹಾಲು ಉಕ್ಕಿದರೆ ನಾಲ್ಕು ಓಣಿಗೆ ಕೇಳುವ ಹಾಗೆ ಬೈಯುವವಳು ಅವಳು. ಆ ದಿನ ದನಿ ಏರಿಸಲೇ ಇಲ್ಲ.

"ತಮ್ಮಾ, ಈ ಮಳಿಗೆ ನನ್ನ ಹೊಲ ಎರಡಾಗ್ತೈತಿ. ಅದನ್ನ ಯಾವ ಬಣ್ಣ ಹಚ್ಚಿ ಕೂಡಸ್ತೀ?"

ಮಾಮಾ ಕನ್ನಡಕ ತೆಗೆದ. ಮೂರನೇ ಸಾಲನ್ನು ಒಮ್ಮೆ ನೋಡಿದ, ಅಕ್ಕನನ್ನು ಒಮ್ಮೆ ನೋಡಿದ.

"ಹೌದ್ರಿ ಸರ. ಬಣ್ಣ ಹಚ್ಚೇನಿ. ಹಸೀ ಫೋಟೋ ಹಂಗಽ ಕಳಿಸಿ ರೂಢಿ ಇಲ್ರಿ ನನಗ. ಚರ್ಮಾನೂ ನುಣ್ಣಗ ಮಾಡೇನಿ."

"ಚರ್ಮ? ಯಾರ ಚರ್ಮ?"

"ಗುಡ್ಡದ್ದು ರಿ."

ಮಾಮಾ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಮೂಲ ಫೋಟೋಗಳು ಇದ್ದವು. ಮಾಮಾ ಅವನ್ನು ತೆರೆದು ಸಭೆಯ ಕಡೆ ತಿರುಗಿಸಿದ. ಬಣ್ಣವಿಲ್ಲದ ಗಾಯರಾಣ, ಮೈಮೇಲೆ ಗೀರು, ಗಾಯ, ಅಲ್ಲಲ್ಲಿ ನಾಲ್ಕು ಜಾಲಿ. ಫ್ಲೆಕ್ಸಿನಲ್ಲಿ ಮಡಚಿಕೊಂಡಿದ್ದ ಸದಸ್ಯರೊಬ್ಬರು ಎದ್ದು, "ಛೇ, ಇದು ನಮ್ಮೂರಲ್ಲ ತಗೀರಿ," ಅಂದರು. ಅವರ ಮನೆ ಆ ಫೋಟೋದ ಕೆಳ ಅಂಚಿನಲ್ಲೇ, ಮೇಲಿನ ನೀರಿನ ಟಾಕಿಯ ಸಮೇತ ಕಾಣುತ್ತಿತ್ತು.

ನಕ್ಷೆ ಸರ್ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ಬೆವರು ಒರೆಸಿಕೊಂಡರು. "ಎರಡಕ್ಕೂ ತಾಳೆ ಆಗದಿದ್ದಾಗ ಸ್ಥಳಕ್ಕೆ ಹೋಗಿ ನೋಡಬೇಕು ಅಂತ ನಿಯಮ ಇದೆ."

"ನಡ್ರಿ ಮತ್ತ!" ಅಂದಳು ಅವ್ವ. ಕಣ್ಣಿಂದ ನೋಡುವುದಕ್ಕೂ ನಿಯಮ ಇದೆಯೆಂದು ತಿಳಿದು ಊರಿಗೆ ಊರೇ ಬೆರಗಾಗಿ ಹಿಂದೆ ಹೊರಟಿತು.

ನಕ್ಷೆ ಸರ್ ಕೊರಕಲಿಗೆ ಇಳಿದರು. ಇಳಿದರು ಅನ್ನುವುದು ಗೌರವದ ಮಾತು, ಜಾರಿದರು. ಮೇಲೆ ಟೋಪಿ ಮಾತ್ರ ಕಾಣುತ್ತಿತ್ತು. "ಇದು ತುಂಬಾ ಆಳ ಇದೆ!" ಎಂದು ಒಳಗಿನಿಂದ ಕೂಗು ಬಂತು, ಅವರೇ ಕಂಡುಹಿಡಿದವರ ಹಾಗೆ. ಆಮೇಲೆ ಟೋಪಿಯ ಪಕ್ಕದಲ್ಲಿ ಒಂದು ಕೈ ಎದ್ದಿತು, ಕೈಯಲ್ಲಿ ಮೊಬೈಲು.

"ಫೋಟೋ ಆಮ್ಯಾಲ ಹೊಡೀರಿ ಸರ," ಎಂದು ಅವ್ವ ಬಾಗಿ ಹೇಳಿದಳು. "ಮೊದಲ ಒಡ್ಡು ಬರಕೋರಿ. ಮೂರು."

ಮೂರೂ ಬರೆದುಕೊಂಡ ಮೇಲೆಯೇ ಕುರಿ ಕಾಯುವ ಕಾಕಾ ಅವರಿಗೆ ಕೋಲು ಚಾಚಿ ಮೇಲೆಳೆದದ್ದು. ಪಕ್ಕದ ಊರಿಗೆ ಹೋಗಿದ್ದ ನಮ್ಮ ಒಡ್ಡುಗಳು ಹಾಗೆ ತಿರುಗಿ ಬಂದವು. ಹಚ್ಚಿದ ಬಣ್ಣವನ್ನೆಲ್ಲ ತೆಗೆದು ಫೋಟೋ ಕಳಿಸಬೇಕೆಂದು ಸರ್ ಮಾಮಾನಿಂದ ಆಣೆ ಮಾಡಿಸಿಕೊಂಡರು.

ಇಳಿದು ಬರುವಾಗ ಮಾಮಾನ ಮುಖ ಅವನ ಯಾವ ಬ್ರಷ್ಷಿನಿಂದಲೂ ಸರಿಯಾಗುವಂತಿರಲಿಲ್ಲ.

"ಅಕ್ಕಾ, ನನ್ನ ಹೆಸರು ಹೋತು."

"ಹೋಗ್ಲಿ ಬಿಡು, ನನ್ನ ಮಣ್ಣು ಉಳೀತು," ಎಂದಳು ಅವ್ವ, ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡು.

ಹಿಂದಿನಿಂದ ಮೂರನೇ ಸಾಲಿನ ಒಬ್ಬ ದೊಡ್ಡ ಹೆಂಗಸು ಏದುಸಿರು ಬಿಡುತ್ತಾ ಬಂದಳು. ಅವಳ ಸೊಸೆಯ ಆಲ್ಬಮ್ ಮಾಡಿದವನು ಮಾಮಾ. "ಏ ತಮ್ಮಾ, ನಿಂದ್ರು!" ಮಾಮಾ ಅವ್ವನ ಬೆನ್ನಿಗೆ ಸರಿದ.

"ಖರೇ ಹೇಳು. ನಮ್ಮ ಸೊಸಿಗೂ ಇದನ್ನಽ ಹಚ್ಚಿದ್ದೇನು?"

"ಸ್ವಲ್ಪ ರಿ..."

"ಗುಡ್ಡಕ್ಕ ಹಚ್ಚಿದ್ದಕ್ಕಿಂತ ಕಡಿಮಿನೋ, ಜಾಸ್ತಿನೋ?"

"ಭಾಳ ಕಡಿಮಿ ರಿ. ಆಣಿ ಮಾಡತೇನಿ."

"ಅದಕ್ಕಽ ಆಲ್ಬಮ್ಮಿನಾಗ ಹಂಗ ಬಂದಾಳ," ಎಂದು ಅವಳು ನಿಟ್ಟುಸಿರು ಬಿಟ್ಟಳು. "ಮುಂದಿನ ವಾರ ನಮ್ಮ ಸಣ್ಣ ಮಗಳದು ನಿಶ್ಚಯ ಐತಿ. ಆಕಿಗೆ ಜಿಪುಣತನ ಮಾಡಬ್ಯಾಡ. ಗುಡ್ಡಕ್ಕ ಹಚ್ಚಿದಷ್ಟಽ ಹಚ್ಚು."

ಮಾಮಾ ಅಲ್ಲೇ ನಿಂತು ಮೊಬೈಲಿನಲ್ಲಿ ತಾರೀಖು ನೋಡತೊಡಗಿದ. ಅವ್ವ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಾಗಲೇ ಬದು ಹತ್ತಿ, ನೀರು ಒಳಗೆ ನುಗ್ಗುವ ಜಾಗದಲ್ಲಿ ಕಾಲಿನಿಂದ ಗೆರೆ ಎಳೆಯುತ್ತಾ, ಗುಡ್ಡದ ಮೇಲೆ ಇನ್ನೂ ಬೂಟು ಕೊಡವುತ್ತಿದ್ದ ನಕ್ಷೆ ಸರ್‌ಗೆ ಕೂಗುತ್ತಿದ್ದಳು: "ಸರ, ಕೆಳಗಿನ ಒಡ್ಡು ಇಲ್ಲಿಗೆ ಬರ್ಲಿ! ಇಲ್ಲಿಗಽ! ಮ್ಯಾಲಿಂದ ನೋಡಬ್ಯಾಡ್ರಿ, ಇಳದು ಬರ್ರಿ!"