ಬಾಟಲಿ ಹುರಿಯುವ ಲಕ್ಕವ್ವ

ಬೆಳಿಗ್ಗೆ ಆರೂಕಾಲು. ಬನಶಂಕರಿ ಎರಡನೇ ಹಂತದ ಆ ಪುಟ್ಟ ಸಂಶೋಧನಾಲಯದಲ್ಲಿ ಸೆಕ್ಯುರಿಟಿಯವರನ್ನು ಬಿಟ್ಟರೆ ಲಕ್ಕವ್ವ ಒಬ್ಬರೇ. ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಕೈಗೆ ಒಂದರ ಮೇಲೊಂದು ಎರಡು ಗ್ಲೌಸ್. ಆಳೆತ್ತರದ ಓವನ್ನಿನ ಬಾಗಿಲು ತೆಗೆದು ಗಾಜಿನ ಬಾಟಲಿಗಳನ್ನು ಒಂದೊಂದಾಗಿ ಟ್ರಾಲಿಗೆ ಇಳಿಸುತ್ತಿದ್ದಾರೆ. ನಾನು ಏನೋ ಕೇಳಲು ಹೊರಟರೆ ಕೈಯೆತ್ತಿ ತಡೆಯುತ್ತಾರೆ. ಕೊನೆಯ ಬಾಟಲಿ ಇಳಿದ ಮೇಲೆಯೇ ಮಾತು.

"ಬಾಟ್ಲಿ ಮುಂದ ಮಾತಾಡಬಾರ್ದ್ರೀ. ಉಗುಳು ಸಿಡೀತದ. ಒಂದ್ ಹನಿ ಬಿದ್ರೂ ಮೇಡಂ ಮಾಡಿದ್ದೆಲ್ಲ ಹಾಳು."

ಮೇಡಂ ಅಂದರೆ ವಿಜ್ಞಾನಿ ಶುಭಾ. ಕೊರೊನಾ ಜಾತಿಯ ವೈರಸ್‌ಗಳನ್ನು ಉಸಿರಿನ ದಾರಿಯಲ್ಲೇ ತಡೆಯಲು ಮೂಗಿಗೆ ಸಿಂಪಡಿಸುವ ಔಷಧವೊಂದನ್ನು ಅವರ ತಂಡ ರೂಪಿಸುತ್ತಿದೆ. ಔಷಧದ ಜೀವಾಳ ಆರ್‌ಎನ್‌ಎಯ ಚಿಕ್ಕ ತುಣುಕುಗಳು. ವೈರಸ್ ತನ್ನ ನಕಲು ಮಾಡಿಕೊಳ್ಳಲು ಬಳಸುವ ಆನುವಂಶಿಕ ಬರಹವನ್ನು ಹುಡುಕಿ ಕತ್ತರಿಸಿಹಾಕುವಂತೆ ಮಾಡುವುದು ಅವುಗಳ ಕೆಲಸ. ಆದರೆ ತುಣುಕುಗಳು ಬಲು ನಾಜೂಕು. ನಮ್ಮ ಬೆವರು, ಉಗುಳಿನಲ್ಲಿರುವ ಕಿಣ್ವ ಅವನ್ನು ನಿಮಿಷಗಳಲ್ಲಿ ನುಂಗಿಬಿಡುತ್ತದೆ. ಕುದಿಸಿದರೂ ಆ ಕಿಣ್ವ ಜಗ್ಗುವುದಿಲ್ಲ. ಅದಕ್ಕೇ ಬಾಟಲಿಗಳನ್ನು ಇನ್ನೂರು ಡಿಗ್ರಿ ಶಾಖದಲ್ಲಿ ಎಂಟು ಗಂಟೆ ಇಡಬೇಕು. ಲಕ್ಕವ್ವ ಇದಕ್ಕೆ 'ಹುರಿಯೋದು' ಅನ್ನುತ್ತಾರೆ. ಈಗ ಇಡೀ ಲ್ಯಾಬೇ ಹಾಗನ್ನುತ್ತದೆ.

ದಿನಕ್ಕೆ ನೂರಿಪ್ಪತ್ತು ಬಾಟಲಿ. ಹುರಿಯುವ ಮುನ್ನ ಪ್ರತಿಯೊಂದನ್ನೂ ಆರು ಸಲ ತೊಳೆಯಬೇಕು.

ಸುರಪುರದ ಕಡೆಯ ಲಕ್ಕವ್ವನಿಗೆ ನಲವತ್ತೊಂಬತ್ತು. ಓದಿದ್ದು ಮೂರನೇ ತರಗತಿ. ಹದಿನೇಳು ವರ್ಷದ ಹಿಂದೆ, ಟೈಲ್ಸ್ ಕೆಲಸದ ಗಂಡ ಮರೆಪ್ಪನ ಜೊತೆ ಬೆಂಗಳೂರಿಗೆ ಬಂದವರು ಈಗ ಇಟ್ಟಮಡುವಿನಲ್ಲಿ ಬಾಡಿಗೆಗಿದ್ದಾರೆ. ಕೋವಿಡ್‌ನ ಎರಡನೇ ಅಲೆಯಲ್ಲಿ ಹನ್ನೊಂದು ದಿನ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದರು. "ಬಾಜೂ ಮಂಚದ ಅಕ್ಕ ಮುಂಜಾನಿ ನಂಗ ನೀರ್ ಕೊಟ್ಟಿದ್ಲು. ಸಂಜಿಗಿ ಇರಲಿಲ್ರೀ." ಲ್ಯಾಬಿನ ಕೆಲಸ ಸಿಕ್ಕಿದ್ದು ಅದರ ಮರುವರ್ಷ.

ಹೋದ ವರ್ಷ ಆಪತ್ತೊಂದು ಬಂತು. ಚೆನ್ನಾಗಿ ಕೆಲಸ ಮಾಡುತ್ತಿದ್ದ ತುಣುಕುಗಳು ಇದ್ದಕ್ಕಿದ್ದಂತೆ ವೈರಸ್ಸನ್ನು ತಡೆಯದಾದವು. ಏಳು ವಾರ ಪ್ರಯೋಗಗಳೆಲ್ಲ ಸೋತವು. ತುಣುಕಿನ ವಿನ್ಯಾಸವೇ ತಪ್ಪಿರಬೇಕೆಂದು ಶುಭಾ ಯೋಜನೆ ನಿಲ್ಲಿಸುವ ಪತ್ರವನ್ನೂ ಬರೆದಿಟ್ಟರು.

ಲಕ್ಕವ್ವನಿಗೆ ಬೇರೊಂದು ಅನುಮಾನವಿತ್ತು. ಬಾಟಲಿಯ ಬಾಯಿಗೆ ಫಾಯಿಲ್ ಸುತ್ತಿ, ಬಿಳಿ ನೂಲು ಕಟ್ಟುವುದು ಅವರ ರೂಢಿ. ಬೆಳಿಗ್ಗೆ ಅದು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿತ್ತು. ಓವನ್ ರಿಪೇರಿಯಾಗಿ ಬಂದ ಮೇಲೆ ನೂಲು ಬೆಳ್ಳಗೇ ಉಳಿಯುತ್ತಿತ್ತು. ಗಮನಿಸಿದರೂ ವಾರಗಟ್ಟಲೆ ಬಾಯಿ ಬಿಡಲಿಲ್ಲ.

"ಹೆದರಿಕಿರೀ. ಹುರಿಯಾಕಿ ನಾನೇ. ಕೆಟ್ಟದ್ದು ನನ್ನಿಂದಾನೇ ಅಂದ್ರ? ಮಷೀನ್ ಮ್ಯಾಲ ಇನ್ನೂರಂತ ಬರಕೊಂಡದ. ಅದು ಸುಳ್ಳಂತ ನಾ ಹೆಂಗ ಹೇಳ್ಲಿ?"

ಒಂದು ಸಂಜೆ ಶುಭಾ ಕಣ್ಣೊರೆಸಿಕೊಳ್ಳುವುದನ್ನು ಕಂಡರು. ಮರುದಿನ ಬೆಳಿಗ್ಗೆ ಬಿಳಿ ನೂಲುಗಳನ್ನು ತಂದು ಅವರ ಮೇಜಿನ ಮೇಲಿಟ್ಟರು. "ಮೇಡಂ, ಬಾಟ್ಲಿ ಹುರಿದಿಲ್ಲ ನೋಡ್ರಿ."

"ಮೊದ್ಲು ನಂಗೆ ಅರ್ಥಾನೇ ಆಗ್ಲಿಲ್ಲ," ಎನ್ನುತ್ತಾರೆ ಶುಭಾ. "ಆಮೇಲೆ ಒಳಗಡೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದ್ವಿ. ಹೊರಗೆ ಇನ್ನೂರು ತೋರಿಸ್ತಿದೆ, ಒಳಗೆ ನೂರಾ ಇಪ್ಪತ್ತೇ ಇದೆ! ಲಕ್ಕವ್ವ ಬಾಯಿ ಬಿಡದೇ ಇದ್ದಿದ್ರೆ ನಾನು ಒಳ್ಳೇ ಔಷಧಾನ ಕೈಯಾರೆ ಬಿಸಾಕಿಬಿಡ್ತಿದ್ದೆ."

ಓವನ್ ಸರಿಹೋದ ಎಂಟನೇ ದಿನಕ್ಕೆ ತುಣುಕುಗಳು ಮತ್ತೆ ವೈರಸ್ಸನ್ನು ತಡೆದವು. ಈಗ ಹ್ಯಾಮ್‌ಸ್ಟರ್‌ಗಳ ಮೇಲೆ ಪ್ರಯೋಗ ನಡೆಯುತ್ತಿದೆ. ಮನುಷ್ಯರ ತನಕ ಬರಲು ಇನ್ನೂ ವರ್ಷಗಳು ಬೇಕು. ಈ ನಡುವೆ ಲ್ಯಾಬಿನ ರಿಜಿಸ್ಟರ್‌ನಲ್ಲಿ ನೂಲಿನ ಬಣ್ಣಕ್ಕೊಂದು ಹೊಸ ಕಾಲಂ ಬಂದಿದೆ. ಲಕ್ಕವ್ವ ಅಲ್ಲಿ ದುಂಡಗೆ ರುಜು ಹಾಕದೆ ಯಾವ ಬಾಟಲಿಯೂ ಒಳಗೆ ಹೋಗುವಂತಿಲ್ಲ. ಅವಸರದಲ್ಲಿ ಬಂದ ಸಂಶೋಧಕ ಆಶ್ರಿತ್, "ಅಕ್ಕ, ಬೇಗ ಸೈನ್ ಹಾಕ್ರಿ" ಎಂದರೆ, "ತಡಿಯಪ್ಪಾ, ನೋಡಿ ಹಾಕ್ತೀನಿ" ಎಂದು ನಿಲ್ಲಿಸುತ್ತಾರೆ.

ಔಷಧ ಬಂದರೆ ಏನಾಸೆ ಎಂದು ಕೇಳಿದೆ. ಗ್ಲೌಸ್ ಬಿಚ್ಚಿ ಬುಟ್ಟಿಗೆ ಹಾಕಿದರು.

"ಅದು ಯಾರ ಮೂಗಿಗೂ ಬೇಕಾಗದಿರಲಿ ಅಂತೀನ್ರೀ. ಆದ್ರ ಬೇಕಾದ ದಿನ, ಇಲ್ಲ ಅನಬಾರ್ದು."