ಸೇತುರಾಮಯ್ಯನವರ ಒಂದೇ ಕಟ್ಟು

ಮಾಗಿಯ ಮಂಜು ಈ ಬೆಳಗ್ಗೆ ಎಷ್ಟು ದಟ್ಟವಾಗಿದೆಯೆಂದರೆ, ಗಿರಿನಗರದಿಂದ ಜಯನಗರಕ್ಕೆ ಸೈಕಲ್ ತುಳಿದು ಬಂದ ಸೇತುರಾಮಯ್ಯನವರ ಮಫ್ಲರ್ ಒದ್ದೆಯಾಗಿದೆ. ಗಂಟೆ ಇನ್ನೂ ಆರು. ವಕೀಲ ಏಕಾಂತಯ್ಯನವರ ಮನೆಯ ಮುಂಗೋಣೆಯೇ ಆಫೀಸು. ದೇವರ ಪಟಕ್ಕೆ ಕೈಮುಗಿದು, ಈ ದಿನದ ಹದಿನಾಲ್ಕು ಕೇಸುಗಳ ಕಡತಗಳಿಗೆ ಅವರು ಒಂದೊಂದಾಗಿ ಲಾಡಿ ಬಿಗಿಯುತ್ತಾರೆ. ಮೂವತ್ತೊಂದು ವರ್ಷಗಳಿಂದ ಈ ಗುಮಾಸ್ತರಿಗೆ ಬೆಳಗಾಗುವುದು ಹೀಗೆಯೇ.

ಅವರದೊಂದು ಪದ್ಧತಿಯಿದೆ. ಒಂದು ಕೇಸಿಗೆ ಇನ್ನೊಂದರ ನಂಟಿದ್ದರೆ ಎರಡರ ಕಾಗದವೂ ಒಂದೇ ಕಟ್ಟಿನಲ್ಲಿರಬೇಕು. "ಅಣ್ಣತಮ್ಮಂದಿರನ್ನ ಬೇರೆ ಬೇರೆ ಗೂಡಲ್ಲಿ ಇಟ್ರೆ ಆಮೇಲೆ ಹುಡುಕ್ಕೊಂಡು ಪರದಾಡೋನು ನಾನೇ," ಎನ್ನುತ್ತಾರೆ.

ಆ ಪದ್ಧತಿಯೇ ಅವರಿಗೆ ಮುಳುವಾಯಿತು. ಕತ್ರಿಗುಪ್ಪೆಯ ಮುನಿಯಕ್ಕನ ಒಂದೂವರೆ ಎಕರೆ ಹೊಲ ಬಡಾವಣೆಗೆ ಹೋಗಿತ್ತು. ಏಕಾಂತಯ್ಯ ವಾದಿಸಿ ಪರಿಹಾರವನ್ನು ಹೆಚ್ಚಿಸಿಕೊಟ್ಟರು. ಅದರ ಮೇಲೆ ಸರ್ಕಾರ ಹೈಕೋರ್ಟಿಗೆ ಅಪೀಲು ಹೋಯಿತು. ಅಷ್ಟರಲ್ಲಿ ಪರಿಹಾರದ ಮೊತ್ತದ ಮೇಲೆ ಲೆಕ್ಕ ಹಾಕುವ ಫೀಸಿನ ಮಾತಿಗೆ ಇಬ್ಬರಿಗೂ ಕೆಟ್ಟು, ವಕೀಲರು ಮುನಿಯಕ್ಕನ ಮೇಲೆಯೇ ದಾವೆ ಹೂಡಿದರು. ಸಾವಿರದ ಒಂಬೈನೂರ ಎಂಬತ್ನಾಲ್ಕರಲ್ಲಿ ಆ ದಾವೆಯ ದಿನ ನ್ಯಾಯಾಧೀಶರು ಹಳೆಯ ತೀರ್ಪಿನ ಪ್ರತಿ ಕೇಳಿದಾಗ, ಸೇತುರಾಮಯ್ಯ ಎಂದಿನಂತೆ ಇಡೀ ಕಟ್ಟನ್ನೇ ಮುಂದಿಟ್ಟರು. ಅದರಲ್ಲಿ ಅಪೀಲಿನ ನೋಟಿಸೂ ಇತ್ತು. "ಪರಿಹಾರ ಎಷ್ಟೆಂಬುದೇ ಇನ್ನೂ ತೀರ್ಮಾನವಾಗಿಲ್ಲ, ಫೀಸು ಹೇಗೆ ಹೇಳುವುದು? ಅಪೀಲು ಮುಗಿಯಲಿ," ಎಂದು ನ್ಯಾಯಾಧೀಶರು ದಾವೆಯನ್ನು ಮುಂದೂಡಿಬಿಟ್ಟರು.

ಹೊರಗೆ ಬಂದ ವಕೀಲರು ಗುಮಾಸ್ತರನ್ನು ಕೇಳಿದ್ದು ಒಂದೇ ಮಾತು: "ಆಯಮ್ಮನ ಹತ್ರ ಎಷ್ಟು ಇಸ್ಕೊಂಡ್ರಿ?"

ಅಂದಿನಿಂದ ಕಕ್ಷಿದಾರರು ಗುಮಾಸ್ತರಿಗೆಂದು ಕೊಡುವ ಹಣ ವಕೀಲರ ಬಳಿಯೇ ಉಳಿಯುತ್ತಿದೆ. ಮನೆಗೆ ಹೋಗುವುದು ಮುನ್ನೂರು ರೂಪಾಯಿ ಸಂಬಳ ಮಾತ್ರ. ಕೋರ್ಟಿಗೆ ಹೊರಡುವ ಮುನ್ನ ಪ್ರತಿ ಕಟ್ಟನ್ನೂ ವಕೀಲರೇ ಬಿಚ್ಚಿ, ಹಾಳೆ ಹಾಳೆ ತಿರುವಿ ನೋಡುತ್ತಾರೆ.

ಮುನಿಯಕ್ಕನಿಗೂ ನಂಬಿಕೆಯಿಲ್ಲ. ತಿಂಗಳಿಗೊಮ್ಮೆ ಬಂದು ಗೇಟಿನ ಬಳಿ ನಿಲ್ಲುತ್ತಾಳೆ. ಇಂದೂ ನಿಂತಿದ್ದಾಳೆ; ಸೇತುರಾಮಯ್ಯ ಬಾಗಿಲಿಗೆ ಬರುತ್ತಾರೆ.

"ಸತ್ಯ ಹೇಳ್ರಪ್ಪ, ಮುಂದಕ್ಕಾಕಿಸಿದ್ದು ಫೀಸಿನ ಮೇಲೆ ಬಡ್ಡಿ ಬೆಳೀಲಿ ಅಂತ ತಾನೆ?"

"ಇಲ್ಲ ತಾಯಿ. ಹೋದ ವಾರ ಹೈಕೋರ್ಟು ಪರಿಹಾರ ಕಮ್ಮಿ ಮಾಡ್ತಲ್ಲ? ಆವಾಗ್ಲೇ ಫೀಸು ತೀರ್ಮಾನ ಆಗಿದ್ರೆ, ಕೈಗೆ ಬರದೇ ಇರೋ ದುಡ್ಡಿಗೂ ನೀನು ಫೀಸು ಕಟ್ಟಬೇಕಿತ್ತು."

"ನನಗೆ ಒಳ್ಳೇದು ಮಾಡಕ್ಕೆ ನೀವು ಯಾವೂರ ನೆಂಟರು?"

ಸೇತುರಾಮಯ್ಯ ನಗುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ: "ನಾನು ಯಾರ ದುಡ್ಡೂ ಮುಟ್ಟಿಲ್ಲ ಅನ್ನೋದು ದೇವರಿಗೆ ಗೊತ್ತಿದ್ರೆ ಸಾಕು ಅಂತ ಎಲ್ಲರ ಹತ್ರನೂ ಅಂತೀನಿ. ನಮ್ಮ ಸಾರ್‌ಗೂ ಗೊತ್ತಾಗ್ಲಿ ಅಂತ ಒಳಗೆ ಆಸೆ ಇದ್ದೇ ಇದೆ."

ಏಕಾಂತಯ್ಯ ಒಳಮನೆಯಿಂದ ಮುಂಗೋಣೆಗೆ ಬರುತ್ತಾರೆ. ಇಂದು ಅವರು ಯಾವ ಕಟ್ಟನ್ನೂ ಮುಟ್ಟುವುದಿಲ್ಲ.

"ನಿನ್ನೆ ಒಂದು ಹಳೇ ತೀರ್ಪು ಹುಡುಕ್ತಾ ಬೀರು ಪೂರ್ತಿ ಬಿಚ್ಚಿದೆ ಕಣ್ರೀ," ಎನ್ನುತ್ತಾರೆ, ಬೀದಿಯ ಕಡೆ ನೋಡುತ್ತ. "ಇಪ್ಪತ್ತು ವರ್ಷದ ಹಿಂದಿನ ಕೇಸುಗಳನ್ನೂ ನಂಟು ನೋಡಿ ಒಂದೇ ಕಟ್ಟಲ್ಲಿ ಕಟ್ಟಿದ್ದೀರಿ."

"ಹೌದು ಸಾರ್."

ವಕೀಲರು ಮೇಜಿನ ಖಾನೆಯಿಂದ ನೋಟು ತುಂಬಿದ ಒಂದು ದಪ್ಪ ಲಕೋಟೆ ತೆಗೆಯುತ್ತಾರೆ. ಮೇಲೆ ಅವರದೇ ಕೈಬರಹದಲ್ಲಿ 'ಗುಮಾಸ್ತರದು' ಎಂದಿದೆ. ಎರಡೂ ಕೈಗಳಿಂದ ಅದನ್ನು ಸೇತುರಾಮಯ್ಯನವರ ಕೈಯಲ್ಲಿಡುತ್ತಾರೆ.