ಅಪ್ಪನ ತಂತಿ, ನನ್ನ ಬೆರಳು

ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಕಾರ್ಖಾನೆಯ ಸೈರನ್ ಕೇಳಿ ಅನ್ನಕ್ಕೆ ಎಸರಿಡುತ್ತಿದ್ದ ಕಾಲ ಅದು. ಭಾದ್ರಪದ ಬಂತೆಂದರೆ ಬೀದಿಗೊಂದು ಗಣಪತಿ, ಗಣಪತಿಗೊಂದು ಆರ್ಕೆಸ್ಟ್ರಾ. ಹಾಡುವವರನ್ನು ನೋಡಲು ಜನ ಮುಂದಕ್ಕೆ ನುಗ್ಗುತ್ತಿದ್ದರು. ನಾನು ಮಾತ್ರ ವೇದಿಕೆಯ ಹಿಂಭಾಗದಲ್ಲಿ, ಡ್ರಮ್ಮಿನ ಪಕ್ಕ, ತಲೆ ಬಗ್ಗಿಸಿ ನಿಂತಿರುತ್ತಿದ್ದ ಒಬ್ಬರನ್ನೇ ನೋಡುತ್ತಿದ್ದೆ. ಅವರು ನಮ್ಮಪ್ಪ. ಹಗಲು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ, ಸಂಜೆ ನಾಗರಾಜಣ್ಣನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್.

ಬೇಸ್ ಗಿಟಾರಿಗೆ ನಾಲ್ಕೇ ದಪ್ಪ ತಂತಿ. ಅದು ನುಡಿಯುತ್ತಿದೆಯೆಂದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ, ನಿಂತಾಗಲೇ ಏನೋ ಕಳಚಿಕೊಂಡಂತೆ ಅನ್ನಿಸುವುದು. ಅಮ್ಮ ಛೇಡಿಸುತ್ತಿದ್ದಳು. "ನೀವು ನುಡಿಸೋದು ಯಾರಿಗ್ರೀ ಕೇಳ್ಸತ್ತೆ? ನಂಗಂತೂ ಎದೆಯೊಳಗೆ ಧುಮ್ ಧುಮ್ ಅಂತ ಗಾಬರಿ ಆಗತ್ತೆ, ಅಷ್ಟೇ." ಅಪ್ಪ ಅದನ್ನು ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಹಬ್ಬಕ್ಕೆ ಎರಡು ತಿಂಗಳಿರುವಾಗ, ಗ್ರೈಂಡಿಂಗ್ ಕಲ್ಲಿಗೆ ತಗುಲಿ ಅಪ್ಪನ ಎಡಗೈ ತೋರುಬೆರಳಿನ ತುದಿಯ ಚರ್ಮ ಕಿತ್ತುಹೋಯಿತು. ಹೊಸ ಚರ್ಮವೇನೋ ಬಂತು. ಆದರೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ, ಮುಟ್ಟಿದರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಉಳಿದ ಬೆರಳುಗಳ ಕಥೆ ಬೇರೆ. ವರ್ಷಗಟ್ಟಲೆ ಕಬ್ಬಿಣ ಹಿಡಿದು, ತಂತಿ ಒತ್ತಿ ಜಡ್ಡುಗಟ್ಟಿದ್ದವು. ಕುದಿಯುವ ಹಾಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವ ಬೆರಳುಗಳವು. ನುಣುಪು, ಒರಟು ಅವಕ್ಕೆ ಎರಡೂ ಒಂದೇ.

ನಾಗರಾಜಣ್ಣ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ನೋಡಲು ಬಂದರು. "ಈ ಸಲ ರೆಸ್ಟ್ ತಗೊಳ್ಳಿ ಮೂರ್ತಿ. ನಮ್ಮ ಕೀಬೋರ್ಡಿನವನು ಎಡಗೈಯಲ್ಲೇ ಬೇಸ್ ಹಾಕ್ತೀನಿ ಅಂತಾನೆ."

"ಹಬ್ಬದ ದಿನ ಯಲಹಂಕದ ಪ್ರೋಗ್ರಾಮಿಗೆ ನಾನೇ ಬರ್ತೀನಿ," ಎಂದರು ಅಪ್ಪ.

ಅವರು ಹೋದ ಮೇಲೆ ಅಪ್ಪ ಗೋಡೆ ನೋಡುತ್ತಾ ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು. "ಒಂದ್ಸಲ ಜಾಗ ಬಿಟ್ರೆ ಮುಗೀತು ಕಣೇ. ಆಮೇಲೆ ಯಾರೂ ಕರಿಯಲ್ಲ." ಅಮ್ಮ ಆ ಹೊತ್ತು ಛೇಡಿಸಲಿಲ್ಲ. ಮೂಸಂಬಿ ಸುಲಿದು ಅಪ್ಪನ ಕೈಗಿಟ್ಟಳು.

ಗಿಟಾರಿನಲ್ಲಿದ್ದ ತಂತಿಯ ಮೇಲೆ ದುಂಡನೆಯ ಸಣ್ಣ ತಂತಿ ಸುತ್ತಿತ್ತು, ಸ್ಕ್ರೂವಿನ ಮೈಯಂತೆ ಗೀರುಗೀರು. ಒಂದು ಸಂಜೆ ಅಪ್ಪ ಅದನ್ನು ಒತ್ತಿ ಬೆರಳು ಸರಿಸಿದ್ದೇ ತಡ, ಹೊಸ ಚರ್ಮ ಬಿಚ್ಚಿಕೊಂಡಿತು. ಮುಂದಿನ ಭಾನುವಾರ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಆರ್.ಟಿ. ನಗರದ ಮಸ್ತಾನ್ ಸಾಬರ ಅಂಗಡಿಗೆ ಹೊರಟರು. ವೀಣೆಯಿಂದ ಹಿಡಿದು ಬ್ಯಾಂಡ್‌ಸೆಟ್ಟಿನ ಡೋಲಿನವರೆಗೆ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದವರು ಅವರು. ಅಂಗಡಿ ತುಂಬ ಮರದ ಪುಡಿ, ಅರಗು, ಏಲಕ್ಕಿ ಚಹಾದ ವಾಸನೆ.

ಬೆರಳು ನೋಡಿದೊಡನೆ ಸಾಬರು ಹೇಳಿದರು. "ಇದಕ್ಕೆ ಫ್ಲಾಟ್‌ವೌಂಡೇ ಆಗ್ಬೇಕು ಸರ್. ದುಂಡು ತಂತಿ ಬದಲು ಚಪ್ಪಟೆ ಪಟ್ಟಿ ಸುತ್ತಿರ್ತಾರೆ. ಬೆರಳು ಜಾರ್ತದೆ, ಕೊಯ್ಯಲ್ಲ."

ಮೂರು ಸೆಟ್ಟು ಮೇಜಿನ ಮೇಲೆ ಬಂದವು. ಎರಡು ಹೊಸವು, ಒಂದು ಯಾರೋ ಚರ್ಚಿನಲ್ಲಿ ವರ್ಷಗಟ್ಟಲೆ ನುಡಿಸಿ ಬಿಚ್ಚಿದ್ದು. ಅಪ್ಪ ಒಂದೊಂದನ್ನೂ ಸವರಿ ನೋಡಿ, ಪೆಚ್ಚಾಗಿ ನನ್ನ ಕಡೆ ತಿರುಗಿದರು. "ನಂಗೆ ಗೊತ್ತಾಗ್ತಿಲ್ಲ ಪುಟ್ಟಿ. ನೀನು ನೋಡಿ ಹೇಳು."

ನಾನು ಕಣ್ಣು ಮುಚ್ಚಿ ಬೆರಳಾಡಿಸಿದೆ. ಮೊದಲನೆಯದರಲ್ಲಿ ಅಲ್ಲಲ್ಲಿ ಸಣ್ಣ ಅಂಚು ತಾಕುತ್ತಿತ್ತು. ಎರಡನೆಯದು ನುಣ್ಣಗಿತ್ತು, ಆದರೆ ಬಗ್ಗಿಸಿದರೆ ಬಟ್ಟೆ ಒಣಗಿಸುವ ಕಂಬಿಯ ಹಾಗೆ ಬಿರುಸು. ಮೂರನೆಯದು ನಾವು ಚೌಕಾಬಾರ ಆಡುವ ಕವಡೆಯ ಬೆನ್ನಿನಂತಿತ್ತು. "ಇದು," ಎಂದೆ. ಬಣ್ಣ ನೋಡಿದರೆ ಮಂಕುಮಂಕಾಗಿ, ಮುಸುರೆ ಚಮಚದ ಹಾಗಿತ್ತು.

"ಹಳೇದನ್ನೇ ಆರಿಸಿದೆಯಲ್ಲ ಬೇಟಿ," ಎಂದು ಸಾಬರು ನಕ್ಕರು. "ಅದು ಬೆರಳಿನ ಎಣ್ಣೆ ಕುಡಿದಿದೆ. ಇನ್ನು ಇಪ್ಪತ್ತು ವರ್ಷ ಬಿಚ್ಚೋದೇ ಬೇಡ." ಅದನ್ನು ಅಲ್ಲೇ ಒಂದು ಗಿಟಾರಿಗೆ ಕಟ್ಟಿ ಮೀಟಿದರು. ಮೊಳಗು ಕಡಿಮೆ, ಒಂದು ಮೆತ್ತನೆಯ ಧುಮ್. ಹಳೆಯ ಹಾಡುಗಳ ಧುಮ್ ಅದು. ಅಪ್ಪನ ಮುಖ ಅರಳಿತು. ಆ ವಾರವಿಡೀ ನಾನು ಕ್ವಾರ್ಟರ್ಸಿನ ಮಕ್ಕಳ ಮುಂದೆ ಬೆರಳೆತ್ತಿಕೊಂಡೇ ಓಡಾಡಿದೆ.

ಹಬ್ಬದವರೆಗೆ ಗಿಟಾರಿಗೆ ಬೆರಳು ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ತಂತಿ ಕವರಿನಲ್ಲೇ ಬೀರುವಿನಲ್ಲಿತ್ತು. ಗೌರಿಹಬ್ಬಕ್ಕೆ ಎರಡು ದಿನ ಮುಂಚೆ ಅಮ್ಮ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹಿತ್ತಿಲಿಗೆ ತಂದು ಹುಣಸೆಹಣ್ಣು ಹಚ್ಚತೊಡಗಿದಳು. ದೀಪದ ಕಂಬ, ತಂಬಿಗೆ, ಆರತಿತಟ್ಟೆ ಎಲ್ಲ ಹೊಳೆಯುತ್ತಿದ್ದವು. ಹಬ್ಬಕ್ಕೆ ಅಪ್ಪನ ತಂತಿಯೊಂದೇ ಮಂಕಾಗಿರುವುದೇ? ಅಮ್ಮ ಒಳಗೆ ಚಕ್ಕುಲಿ ಕರಿಯುತ್ತಿದ್ದಾಗ ಕವರು ತಂದು ನಾಲ್ಕೂ ತಂತಿಗೆ ಹುಣಸೆಹಣ್ಣು ಹಚ್ಚಿ, ಪಾತ್ರೆ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದೆ. ಬೆಳ್ಳಿಯ ಹಾಗಾದವು. ಒದ್ದೆಯಾಗಿಯೇ ಸುತ್ತಿ ಕವರಿಗೆ ಹಾಕಿಟ್ಟೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ ಅನ್ನುತ್ತಾರಲ್ಲ, ನಾನು ಗಣಪತಿ ಹಬ್ಬದಲ್ಲೇ ಅದನ್ನು ಮಾಡಿದೆ.

ಹಬ್ಬದ ಮಧ್ಯಾಹ್ನ ಕಡುಬು ತಿಂದು ಅಪ್ಪ ತಂತಿ ಕಟ್ಟಿದರು. ಬೆರಳು ಸರಿಸಿ ಹುಬ್ಬು ಗಂಟಿಕ್ಕಿದರು. "ಯಾಕೋ ಕಿರ್ ಅಂತಿದೆಯಲ್ಲ. ಪುಟ್ಟಿ, ಸ್ವಲ್ಪ ನೋಡಮ್ಮ. ನುಣ್ಣಗಿದೆಯಾ?"

ನಾನು ಬೆರಳಿಟ್ಟೆ. ಸುತ್ತಿನ ಸಂದುಗಳಲ್ಲಿ ತುಕ್ಕು ಎದ್ದು ಸಣ್ಣ ಮರಳು ಸವರಿದಂತಿತ್ತು. ನಿಜ ಹೇಳಿದರೆ ಅಪ್ಪ ಹೋಗುವಂತಿಲ್ಲ, ಹಬ್ಬದ ದಿನ ಸಾಬರ ಅಂಗಡಿ ತೆರೆದಿದೆಯೋ ಇಲ್ಲವೋ, ಜೊತೆಗೆ ನಾನು ಸಿಕ್ಕಿಬೀಳುತ್ತೇನೆ. ಹೆಚ್ಚು ಹೆದರಿದ್ದು ಕೊನೆಯದಕ್ಕೇ ಎಂದು ಈಗ ಒಪ್ಪಿಕೊಳ್ಳುತ್ತೇನೆ.

"ನುಣ್ಣಗಿದೆ ಅಪ್ಪ," ಎಂದೆ.

ಅವರು ಮತ್ತೊಮ್ಮೆ ಕೇಳಲಿಲ್ಲ. ಗಿಟಾರನ್ನು ಚೀಲಕ್ಕೆ ಹಾಕಿಕೊಂಡರು.

ಯಲಹಂಕದ ಪೆಂಡಾಲಿನಲ್ಲಿ ಆ ಸಂಜೆ ಎಷ್ಟು ಹಾಡಾಯಿತೋ ತಿಳಿಯದು. ನನ್ನ ಕಣ್ಣು ಅಪ್ಪನ ಎಡಗೈ ಬಿಟ್ಟು ಕದಲಲಿಲ್ಲ. ಐದಾರು ಹಾಡಿನ ನಂತರ ಕೀಬೋರ್ಡಿನವನು ನುಡಿಸುವುದನ್ನು ನಿಲ್ಲಿಸದೆಯೇ ಅಪ್ಪನ ಬೆರಳ ಕಡೆ ಗದ್ದ ತೋರಿಸಿದ. ಅಪ್ಪ ಬಗ್ಗಿ ನೋಡಿಕೊಂಡರು. ಗಿಟಾರಿನ ಹಿಡಿಯ ಮೇಲೆ ರಕ್ತ ಇಳಿದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಜೇಬಿನ ಕರ್ಚೀಫಿನಲ್ಲಿ ಒರೆಸಿಕೊಂಡು, ಆ ಬೆರಳನ್ನು ಎತ್ತಿಹಿಡಿದು, ಉಳಿದ ಮೂರರಲ್ಲೇ ಕೊನೆಯವರೆಗೂ ನುಡಿಸಿದರು. ವೇದಿಕೆಯಿಂದ ಇಳಿದು ಬಂದ ನಾಗರಾಜಣ್ಣ ಅವರ ಬೆನ್ನು ಸವರಿ ಹೇಳಿದರು. "ನಾಳಿದ್ದು ಅಮೃತಹಳ್ಳಿ ಮೂರ್ತಿ. ನೀವಿಲ್ದೆ ಆಗಲ್ಲ." ಜಾಗ ಉಳಿಯಿತು. ನಾನು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಿದ್ದೆ ಬಂದಿದೆ ಪಾಪ ಎಂದಳು ಅಮ್ಮ.

ಮಾರನೇ ಬೆಳಿಗ್ಗೆ ಅಪ್ಪ ಜಗುಲಿಯಲ್ಲಿ ಕೂತು ಜೀರೋ ಪೇಪರೆಂಬ ನಯವಾದ ಉಪ್ಪುಕಾಗದಕ್ಕೆ ಮೆಷಿನ್ ಎಣ್ಣೆ ಹಾಕಿ ತಂತಿ ಉಜ್ಜುತ್ತಿದ್ದರು. ಕವರಿನೊಳಗೆ ಅಂಟಿದ್ದ ಹುಣಸೆ ನಾರು ಪಕ್ಕದಲ್ಲಿ ಬಿದ್ದಿತ್ತು. ನನ್ನನ್ನು ಕರೆದು ಕೂರಿಸಿಕೊಂಡರು. "ತಂತಿಗೆ ನೀರು ತಾಕಿಸ್ಬಾರ್ದು ಕಣಮ್ಮ. ಒಣ ಬಟ್ಟೆ ಸಾಕು." ಅಷ್ಟು ಹೇಳಿ ತಂತಿಯನ್ನು ನನ್ನ ಮುಂದೆ ಹಿಡಿದರು. "ಈಗ ನೋಡು. ನುಣ್ಣಗಾಯ್ತಾ?"

"ಇಲ್ಲ ಅಪ್ಪ. ಇಲ್ಲಿ ಇನ್ನೂ ತರಿ ತರಿ ಇದೆ."

"ಹಂಗಾದ್ರೆ ಇನ್ನೊಂಚೂರು ಉಜ್ಜೋಣ," ಎಂದರು.

ಅಂದಿನಿಂದ ಪ್ರತಿ ಪ್ರೋಗ್ರಾಮಿಗೆ ಹೊರಡುವ ಮುಂಚೆ ನನ್ನ ಬೆರಳು ತಂತಿಯ ಮೇಲೆ ಹರಿಯಲೇಬೇಕು. ಕಾಲೇಜು ಸೇರಿದ ಮೇಲೂ ಹಾಗೆಯೇ. ಪುಸ್ತಕದ ಮೇಲಿನ ಕಣ್ಣು ತೆಗೆಯದೆ, ಬೇಜಾರಿನಿಂದ "ಹೂಂ, ಸರಿಯಾಗಿದೆ" ಎಂದ ದಿನಗಳೂ ಇವೆ. ಅವರು ನಂಬಿ ಹೊರಡುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ಸಂಕ್ರಾಂತಿ ಮಾಡಲಿಲ್ಲ. ಆ ಸಂಜೆ ಅಮ್ಮ ಸುಮ್ಮನೆ ಕೂತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು. "ಅಪ್ಪನ ಆ ಬೆರಳು ಪೆಟ್ಟಾದ ಮುಂದಿನ ಸಂಕ್ರಾಂತಿಗೇ ಸರಿಹೋಗಿತ್ತು ಕಣೇ. ನಾನು ಎಳ್ಳು ಹುರೀತಿದ್ದೆ, ಅದಕ್ಕೆ ಬಾಣಲೆ ತಾಕಿ ಚುರ್ ಅಂತ ಕೈ ಎಳ್ಕೊಂಡ್ರು. ಪುಟ್ಟಿಗೆ ಹೇಳ್ಬೇಡ, ತಂತಿ ಅವಳೇ ನೋಡ್ಲಿ ಅಂದ್ರು."

ಈಗ ನನ್ನ ಮಾತಿಗೆ ಮನೆಯಲ್ಲೂ ಆಫೀಸಿನಲ್ಲೂ ಬೆಲೆಯಿದೆ, ಕೇಳಿದ ಬೆನ್ನಿಗೇ ಅದನ್ನು ಬೇರೆ ಕಡೆ ಖಾತ್ರಿಪಡಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ನಾನೂ ಹಾಗೆಯೇ ಮಾಡುತ್ತೇನೆ. ನನ್ನ ಸುಳ್ಳು ಗೊತ್ತಾದ ಮಾರನೇ ಬೆಳಿಗ್ಗೆಯೇ ನನ್ನನ್ನು ಕರೆದು ಮತ್ತೆ ಕೇಳಿದವರು ಅಪ್ಪ ಒಬ್ಬರೇ. ಹಾಗೆ ಕೇಳುವವರು ಈಗ ನನಗೆ ಯಾರೂ ಇಲ್ಲ.